ಎರಡನೇ ಓದುಗ

ಕೋಟಿನ ಮೇಲಿನ ಬಟನ್ ಏನು ಮಾಡಿದರೂ ಕಾಜಾಕ್ಕೆ ಹೋಗಲೊಲ್ಲದು. ಲಿಜ್ಜಿ ಪೆಟ್ಟಿಗೆಯ ಮೇಲೆ ಬಗ್ಗಿ ಎರಡೂ ಕೈಯಿಂದ ಎಳೆದಳು. ಮೂರು ದಿನ ಶೀತಲ ಕೋಣೆಯಲ್ಲಿದ್ದ ಗಂಡನ ಮೈ ಹಲಗೆಯ ಹಾಗೆ ಬಿರುಸಾಗಿತ್ತು.

"ಬಿಡು ಲಿಜ್ಜಿ, ತೆರೆದೇ ಇರಲಿ," ಎಂದಳು ಬೆಟ್ಟಿ. ಅಬು ಹಲೀಫಾದಲ್ಲಿ ಲಿಜ್ಜಿ ಇರುವ ಕಟ್ಟಡದಲ್ಲೇ ಹದಿನಾರು ವರ್ಷದಿಂದ ನೆರೆಯವಳು.

"ಇಲ್ಲ ಮಾರಾಯ್ತಿ. ಆಫೀಸಿಗೂ ಬಟನ್ ಹಾಕದೆ ಹೋದವರಲ್ಲ ಅವರು."

ಕುವೈತಿನಲ್ಲಿ ಸತ್ತವರಿಗೂ ಗಡಿಯಾರ ತಪ್ಪಿದ್ದಲ್ಲ. ಶವಾಗಾರದ ಈ ಕೋಣೆ ಸಿಗುವುದು ಅರ್ಧ ಗಂಟೆಗೆ. ಅಷ್ಟರಲ್ಲಿ ಪ್ರಾರ್ಥನೆ, ಅಳು, ಕೊನೆಯ ಮುತ್ತು ಎಲ್ಲ ಮುಗಿಯಬೇಕು. ಸಂಜೆಯ ವಿಮಾನದಲ್ಲಿ ಜೋಕಿಮ್ ಮಂಗಳೂರಿಗೆ ಹೊರಡಬೇಕಿತ್ತು.

ಜೋಕಿಮ್ ಪಾಯಸ್ ದೊಡ್ಡ ಮನುಷ್ಯನೇನಲ್ಲ. ತೊಂಬತ್ತಮೂರರಲ್ಲಿ ಟೈಪಿಸ್ಟಾಗಿ ಬಂದವನು. ಈ ಎರಡು ಸಾವಿರದ ಹದಿನಾಲ್ಕರ ಹೊತ್ತಿಗೆ ಶುವೈಖ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ಓದುಗನಾಗಿದ್ದ. ಆಫ್ರಿಕಾದ ಸರಕಾರಗಳು ಕೇಂದ್ರಕ್ಕೆ ಪ್ರಶ್ನೆ ಕಳಿಸುತ್ತಿದ್ದವು: ಈ ಲಸಿಕೆ ಕೊಡಬೇಕೇ, ಆ ಆಸ್ಪತ್ರೆ ಮುಚ್ಚಬೇಕೇ? ಅದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ಯಾವುದನ್ನು ನಂಬಬಹುದೆಂದು ಜರಡಿ ಹಿಡಿದು ಹೇಳುವುದು ಕೇಂದ್ರದ ಕೆಲಸ. ಒಂದೊಂದನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು. ಇಬ್ಬರ ಮಾತು ಹೊಂದದಿದ್ದರೆ ಮೂರನೆಯವರಿಗೆ ಕಳಿಸಬೇಕು. ಮೊದಲ ಓದುಗ ಮೈಸೂರಿನ ಡಾಕ್ಟರ್ ಶ್ಯಾಮಸುಂದರ್, ಎರಡನೆಯವನು ಜೋಕಿಮ್.

ಆ ಶ್ಯಾಮಸುಂದರ್ ಈಗ ಫೈಲು ಹಿಡಿದು ಬಂದರು. ಮೂರು ದಿನ ಊಟ ನಿದ್ದೆ ಬಿಟ್ಟು ಪೊಲೀಸು, ಎಂಬಸಿ, ಕಾರ್ಗೋ ಎಂದು ಓಡಾಡಿದ್ದು ಅವರೇ. ಪಾಪ, ಕಣ್ಣು ಗುಳಿಬಿದ್ದಿತ್ತು.

"ಅಕ್ಕಾ, ಇದಕ್ಕೊಂದು ಸಹಿ ಬೇಕಿತ್ತು."

ಲಿಜ್ಜಿ ಓದಿದಳು. ಅನಾರೋಗ್ಯದಿಂದಾಗಿ ತನ್ನ ಗಂಡ ಆಫ್ರಿಕಾದ ಹಳ್ಳಿಗಳ ಹೆರಿಗೆ ಕೇಂದ್ರಗಳ ಬಗೆಗಿನ ಅಧ್ಯಯನವನ್ನು ಓದದೆಯೇ ಕೈಬಿಟ್ಟಿದ್ದನೆಂದು ಬರೆದಿತ್ತು.

"ಓದದೆಯೇ? ಇದೆಂತ ಡಾಕ್ಟ್ರೇ?"

"ಅಲ್ಲಿ ಹೆಂಗಸರು ಸತ್ತಿದಾರೆ. ಯಾರ ತಪ್ಪು ಅಂತ ಕೇಳ್ತಿದಾರೆ. ನಮ್ಮ ಸೆಂಟರ್ ಮುಚ್ಚಿದ್ರೆ ಇಪ್ಪತ್ತು ಜನರ ಇಕಾಮಾ ಹೋಗತ್ತೆ, ದೇಶ ಬಿಡಬೇಕಾಗತ್ತೆ." ಅವರ ದನಿ ಇಳಿಯಿತು. "ಹೋದವರಿಗೆ ಇನ್ನೇನಾಗತ್ತೆ ಅಕ್ಕಾ?"

*

ಮಾರ್ಚ್ ತಿಂಗಳ ಒಂದು ಸಂಜೆ ಜೋಕಿಮ್ ಆಫೀಸಿನಿಂದ ಫೋನು ಮಾಡಿದ್ದ. ಅಂದು ಮಗಳು ಡೆಲ್ಮಾಳಿಗೆ ಹದಿನಾರು ತುಂಬಿತ್ತು. ಕೇಕಿನ ಸುತ್ತ ಅತಿಥಿಗಳು ಕಾದು ಕೂತಿದ್ದರು.

"ಲಿಜ್ಜಿ, ಒಂದು ಸಣ್ಣ ಅಧ್ಯಯನ ಉಂಟು. ಹಳ್ಳಿಯ ಹೆರಿಗೆ ಕೇಂದ್ರ ಮುಚ್ಚಿದರೆ ಮಳೆಗಾಲದಲ್ಲಿ ಬಸುರಿಯರು ಹೊಳೆ ದಾಟಲಿಕ್ಕಾಗದೆ ದಾರಿಯಲ್ಲೇ ಸಾಯ್ತಾರೆ ಅಂತ. ನಾನು ವರದಿಗೆ ಅದು ಬೇಕು ಅಂದೆ. ಡಾಕ್ಟ್ರು ಬೇಡ ಅಂತಾರೆ. ಮೂರನೆಯವರಿಗೆ ಕಳಿಸಿದರೆ ಹತ್ತು ದಿನ. ಅಲ್ಲಿಯ ಮಂತ್ರಿಗಳ ಮೀಟಿಂಗು ನಾಳೆಯೇ ಅಂತೆ."

"ನಿಮಗೆಂತ ಮಂಡೆಬಿಸಿ? ಅವರು ಕಲಿತವರಲ್ವಾ? ಒಪ್ಪಿದೆ ಅಂತ ಹೇಳಿ ಬೇಗ ಬನ್ನಿ. ಹುಡುಗಿ ಕಾಯ್ತಾ ಇದ್ದಾಳೆ."

ಜೋಕಿಮ್ ಒಪ್ಪಿದ. ಕೇಕಿಗೆ ಸರಿಯಾಗಿ ಬಂದ, ಹಾಡಿದ, ಚಪ್ಪಾಳೆಯನ್ನೂ ತಟ್ಟಿದ.

ಜೂನಿನಲ್ಲಿ ಸುದ್ದಿ ಬಂತು. ಆ ದೇಶದ ಸರಕಾರ ವರದಿಯನ್ನು ನಂಬಿ ನಲವತ್ತು ಹೆರಿಗೆ ಕೇಂದ್ರಗಳನ್ನು ಮುಚ್ಚಿತ್ತು. ಮೊದಲ ಮಳೆಗೇ ಹನ್ನೊಂದು ಹೆಂಗಸರು ಹೋಗಿದ್ದರು. ಅಧ್ಯಯನ ಮಾಡಿದ್ದ ನರ್ಸ್ ಲೈಲಾಳಿಂದ ಜೋಕಿಮ್ ಅವರ ಹೆಸರುಗಳನ್ನು ತರಿಸಿಕೊಂಡ. ದಿನಾ ಸಂಜೆ ಜಪಮಾಲೆ ಹಿಡಿದು ಹೇಳುವ ತೇರ್ಸದ ಕೊನೆಗೆ ಹನ್ನೊಂದನ್ನೂ ಓದುತ್ತಿದ್ದ. ನಾಲಗೆ ಹೊರಳದಿದ್ದರೆ ಮತ್ತೆ ಮೊದಲಿಂದ ಹೇಳುತ್ತಿದ್ದ. ಲಿಜ್ಜಿ ಮಾತ್ರ ಅಡುಗೆಮನೆಯಲ್ಲೇ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ನೀನು ಹೇಳಿದ್ದಕ್ಕಲ್ವಾ ಎಂದು ಒಂದು ಸಲ ಬೈದಿದ್ದರೆ ಅವಳಿಗೆ ಉಸಿರಾಡಲಿಕ್ಕಾದರೂ ಆಗುತ್ತಿತ್ತು. ಬೈಯಲೇ ಇಲ್ಲ ಆ ಮನುಷ್ಯ. ಆಗಸ್ಟಿನಲ್ಲಿ ಆಫೀಸಿನ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

*

"ಯಲ್ಲಾ, ಟೈಮ್ ಖಲಾಸ್," ಎಂದ ಶವಾಗಾರದವನು. ಲಿಜ್ಜಿ ಗಂಡನ ಹಣೆಗೆ ಮುತ್ತಿಟ್ಟಳು. ತುಟಿ ಚುರುಗುಟ್ಟುವಷ್ಟು ತಣ್ಣಗಿತ್ತು. ಅವನೂ ಇನ್ನೊಬ್ಬನೂ ಸೇರಿ ಮುಚ್ಚಳವಿಟ್ಟು ಆರು ಕಡೆ ತಿರುಪು ಬಿಗಿದರು.

"ಅಕ್ಕಾ," ಎಂದರು ಶ್ಯಾಮಸುಂದರ್, "ಕೆಲಸ ಕೊಟ್ಟ ಕಫೀಲ್ ಕಡೆಯ ಲೆಟರ್ ಇಲ್ಲದೆ ಪೆಟ್ಟಿಗೆ ಹೊರಗೆ ಬಿಡಲ್ಲ. ನಿಮ್ಮ ಸಹಿ ಸಿಕ್ಕಿದ ಮೇಲೇ ಲೆಟರ್ ಕೊಡ್ತೀನಿ ಅಂತ ಕೂತಿದಾರೆ ನಮ್ಮ ಸೆಂಟರ್ ಡೈರೆಕ್ಟರ್. ನಾನೇನ್ ಮಾಡ್ಲಿ ಹೇಳಿ?"

ಅಷ್ಟರಲ್ಲಿ ಲಿಜ್ಜಿಯ ಕೈಚೀಲದಲ್ಲಿ ಜೋಕಿಮ್‌ನ ಫೋನು ಹೊಡೆದುಕೊಂಡಿತು. ಲೈಲಾ! ಇಂಗ್ಲಿಷಿನಲ್ಲಿ ಸಂತಾಪ ಹೇಳಿದಳು. ಆಮೇಲೆ ತಡೆತಡೆದು ಕೇಳಿದಳು.

"ಇವತ್ತು ಕೇಳುವುದು ತಪ್ಪು, ಗೊತ್ತು. ಆದರೆ ನಾಳೆ ಮತ್ತೆ ಮಂತ್ರಿಗಳ ಸಭೆ ಸೇರುತ್ತದೆ. ನನ್ನ ಅಧ್ಯಯನ ಯಾರೂ ಲೆಕ್ಕಕ್ಕಿಡದಂಥದ್ದು ಅನ್ನುತ್ತಾರೆ. ನಿಮ್ಮ ಕೇಂದ್ರದ ಒಬ್ಬರಾದರೂ ಓದಿ ಬೇಕು ಅಂದಿದ್ದರೆಂದು ತೋರಿಸಿದರೆ ಹೆರಿಗೆ ಕೇಂದ್ರಗಳನ್ನು ಮತ್ತೆ ತೆರೆಸಬಹುದು. ಮಿಸ್ಟರ್ ಜೋಕಿಮ್ ಓದಿದ್ದರಾ?"

ಪಕ್ಕದಲ್ಲೇ ಕೇಳಿಸಿಕೊಂಡ ಶ್ಯಾಮಸುಂದರ್ ಹೇಳಬೇಡಿ ಎಂಬಂತೆ ಕೈ ಮುಗಿದರು. ಆಚೆ ನಿಂತಿದ್ದ ಡೆಲ್ಮಾ ಬಂದು ತಾಯಿಯ ತೋಳು ಹಿಡಿದಳು. "ಮಮ್ಮಾ, ವಾಟ್ ಡಸ್ ಶೀ ವಾಂಟ್?"

ಲಿಜ್ಜಿ ಮಗಳ ಮುಖ ನೋಡಿದಳು. ಇವಳ ಎದುರಿಗೇ ಹೇಳಬೇಕೇ ದೇವರೇ!

"ಓದಿದ್ದರು," ಎಂದಳು. "ಬೇಕು ಅಂತಲೇ ಬರೆದಿದ್ದರು. ಅವಸರ ಮಾಡಿದ್ದು ಡಾಕ್ಟರು. ಒಪ್ಪಿಕೊಂಡು ಮನೆಗೆ ಬನ್ನಿ ಅಂದದ್ದು ನಾನು. ಮಗಳ ಬರ್ತ್‌ಡೇ ಇತ್ತು."

ಡೆಲ್ಮಾಳ ಕೈ ತೋಳಿನಿಂದ ಜಾರಿತು.

"ಇದನ್ನು ಬರೆದು ಕೊಡುತ್ತೀರಾ?" ಎಂದಳು ಲೈಲಾ.

"ಇವತ್ತೇ. ನನ್ನ ಹೆಸರು ಹಾಕಿ ಕೊಡುತ್ತೇನೆ."

ಶ್ಯಾಮಸುಂದರ್ ಫೈಲು ಮಡಚಿದರು. "ಇನ್ನು ಲೆಟರ್ ಸಿಗಲ್ಲ ಅಕ್ಕಾ. ಎಷ್ಟು ದಿನ ಅಂತಲೂ ಹೇಳಕ್ಕಾಗಲ್ಲ." ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಬೆಟ್ಟಿಗೆ ತಡೆಯಲಾಗಲಿಲ್ಲ. "ಮಂಡೆ ಸಮ ಉಂಟಾ ನಿನಗೆ? ಊರಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ!"

ಲಿಜ್ಜಿ ಊರಿಗೆ, ಜೋಕಿಮ್‌ನ ಅಣ್ಣ ಫ್ರೆಡ್ರಿಕ್‌ಗೆ ಫೋನು ಹಚ್ಚಿದಳು.

"ಹೊಂಡ ತೋಡಿ ಆಯ್ತು," ಎಂದ ಅವನು. "ಫ್ಲೈಟ್ ಎಷ್ಟು ಗಂಟೆಗೆ?"

"ಇವತ್ತು ಬರುವುದಿಲ್ಲ ಭಾವ. ಹೊಂಡಕ್ಕೆ ಹಲಗೆ ಮುಚ್ಚಿಸಿ. ಮಕ್ಕಳು ಬಿದ್ದಾರು."

ಹೊರಗೆ ಕಾರ್ಗೋ ಗಾಡಿ ಖಾಲಿಯೇ ತಿರುಗಿತು. ಶವಾಗಾರದವರಿಬ್ಬರೂ ಜೋಕಿಮ್‌ನನ್ನು ಮತ್ತೆ ಶೀತಲ ಕೋಣೆಗೆ ಒಯ್ಯಲು ಪೆಟ್ಟಿಗೆಯ ಬಳಿಗೆ ಬಂದು, ಆಗಷ್ಟೇ ಬಿಗಿದಿದ್ದ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.