ಹೊಸ್ತಿಲಿಲ್ಲದ ನೆಲ

"ಆ ಕಡೆ ಬೇಡ, ಅಡುಗೆಮನೆ ಕಡೆಯಿಂದ ತಗೊಂಡು ಹೋಗಿ," ಎಂದು ಮಗ ಅಡ್ಡ ನಿಂತ.

ಸ್ಟ್ರೆಚರ್ ಹೊತ್ತವರು ಹಜಾರದ ಅಂಚಿನಲ್ಲೇ ಕಾಲು ತಡೆದರು. ಬೆಲ್ಟು ಬಿಗಿಸಿಕೊಂಡು ಮಲಗಿದ್ದ ಅವನಪ್ಪ ಮಾತ್ರ ಯಾವ ತಕರಾರೂ ತೆಗೆಯಲಿಲ್ಲ. ಹಜಾರದ ಮರದ ನೆಲಕ್ಕೆ ನಿನ್ನೆ ತಾನೇ ಎಣ್ಣೆ ಬಳಿಸಿದ್ದರು, ಇನ್ನೂ ಆರಿರಲಿಲ್ಲ. ಮುದುಕ ಒಳಕೋಣೆಯಲ್ಲಿ ಕೊನೆಯುಸಿರಿಗೆ ಒದ್ದಾಡುತ್ತಿದ್ದಾಗಲೇ ಬಡಗಿ ಬಂದಿದ್ದ. ವಾಪಸ್ಸು ಕಳಿಸಿದರೆ ಮತ್ತೆ ಕೈಗೆ ಸಿಗುವ ಆಸಾಮಿಯಲ್ಲವೆಂದು ಸೊಸೆ ಕೆಲಸ ಮುಗಿಸಿಕೊಂಡೇ ಕಳಿಸಿದ್ದಳು.

ಮುದುಕನ ಹೆಂಡತಿ ಮೂಲೆಯಿಂದ ಎದ್ದು ಬಂದಳು. ಮದುವೆಯಾದಾಗಿನಿಂದ ಯಾರಿಗೂ ಎದುರಾಡಿದವಳಲ್ಲ.

"ಇದೊಂದು ಸಲ ಈ ಕಡೆಯಿಂದಲೇ ಹೋಗ್ಲಿ ಕಣಪ್ಪ," ಎಂದಳು.

"ಅಂಟಂಟಾಗಿದೆ ಅಮ್ಮ. ಯಾರಾದ್ರೂ ಜಾರಿ ಬಿದ್ರೆ?"

*

ಮುದುಕ ಬಸ್ ಕಂಡಕ್ಟರ್ ಆಗಿದ್ದವನು. ದುಡಿದಷ್ಟು ಕಾಲವೂ ನಿಂತೇ ದುಡಿದ. ಕಾಲು ಸೋತ ಮೇಲೆ ಗಾಲಿಕುರ್ಚಿ ಬಂತು. ಅಂಗಳಕ್ಕೆ ಇಳಿಯಲು ಹೊಸ್ತಿಲು ಅಡ್ಡಿ. ಆಗ ಮಗನೇ ಹುರುಪಿನಿಂದ ಬಡಗಿಯನ್ನು ಕರೆಸಿ, ಗೋಡೆ ಒಡೆಸಿ ಗಾಜಿನ ಬಾಗಿಲು ಕೂರಿಸಿ, ಹಜಾರದಿಂದ ಹೊರಗಿನ ಜಗಲಿಯವರೆಗೆ ಒಂದೇ ಮಟ್ಟಕ್ಕೆ ತೇಗದ ಹಲಗೆ ಹಾಸಿಸಿದ. ಒಳಗೆಲ್ಲಿ ಮುಗಿಯಿತು, ಹೊರಗೆಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಮೊದಲ ದಿನ ಕುರ್ಚಿ ಬಿಸಿಲಿನವರೆಗೂ ಸಲೀಸಾಗಿ ಉರುಳಿತು. ಮುದುಕ "ರೈಟ್, ರೈಟ್" ಎಂದು ಕೂಗಿ ಎಲ್ಲರನ್ನೂ ನಗಿಸಿದ. ಸಂಜೆ ಸೊಸೆ ದೀಪ ಹಾಕಿದಾಗ ಹಲಗೆಯುದ್ದಕ್ಕೂ ಗಾಲಿಯ ಗೀರು ಕಂಡಿತು.

ಮೊದಲು, ಮರ ಎಣ್ಣೆ ಕುಡಿದು ಗಟ್ಟಿಯಾಗಲಿ, ಅಲ್ಲಿಯವರೆಗೆ ಕುರ್ಚಿ ಬೇಡ ಎಂದರು. ಆಮೇಲೆ, ನೆಂಟರು ಬಂದು ಹೋಗಲಿ ಎಂದರು. ಕೊನೆಗೆ ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಮುದುಕ ಕೇಳುವುದನ್ನೇ ಬಿಟ್ಟಿದ್ದ. ಕುರ್ಚಿ ಒಳಕೋಣೆಯ ಕಿಟಕಿಯ ಬಳಿ ನಿಂತಿತು. ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಪೈಪು. ಹೆಂಡತಿ ಒಂದು ಮಾತು ಆಡಬಹುದಿತ್ತು. ಮಗ ಸೊಸೆ ಮುಖ ಗಂಟಿಕ್ಕಿಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು.

*

ಹೊತ್ತವರು ದಾರಿ ಬದಲಿಸುವಷ್ಟರಲ್ಲಿ, ಸಾವಿಗೆ ಬಂದಿದ್ದ, ಮುದುಕನ ಜೊತೆ ಬಸ್ ಓಡಿಸಿದ್ದ ಹಳೆಯ ಡ್ರೈವರ್ ಆ ನೆಲವನ್ನೇ ನೋಡುತ್ತ, ಹೊಸ್ತಿಲೇ ಇಲ್ಲವಲ್ಲ ಎಂದು ಬೆರಗಾದ.

"ಅಪ್ಪನಿಗೋಸ್ಕರಾನೇ ಹಾಕ್ಸಿದ್ದು," ಎಂದ ಮಗ. ಗಾಜಿನ ಬಾಗಿಲಿನ ಕಡೆ ಕೈ ಚಾಚಿದ. "ಕುರ್ಚಿ ಸಲೀಸಾಗಿ ಹೊರಗೆ ಹೋಗ್ಲಿ ಅಂತ. ಅಲ್ವಾಮ್ಮ?"

ಎಲ್ಲರೂ ಅವಳ ಕಡೆ ತಿರುಗಿದರು. ಈಗಲಾದರೂ ಹೇಳಿಬಿಡಬೇಕೆಂದು ಮಾತು ನಾಲಿಗೆಯ ತುದಿಗೆ ಬಂತು. ನಾಳೆಯಿಂದ ಆ ಒಳಕೋಣೆಯಲ್ಲಿ ತಾನೊಬ್ಬಳೇ ಎಂಬುದೂ ಜೊತೆಗೇ ನೆನಪಾಯಿತು.

"ಹೂಂ," ಎಂದಳು.

ಇಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ಡ್ರೈವರ್ ಕಣ್ಣೊರೆಸಿಕೊಂಡ.

ಅಡುಗೆಮನೆಯ ಕಡೆಯ ದಾರಿ ಇಕ್ಕಟ್ಟು. ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಹಿಂದೆ ಮುಂದೆ ಜಗ್ಗಿದರೂ ಜಗ್ಗಲಿಲ್ಲ. ಕೊನೆಗೆ ತಲೆಯ ಕಡೆಯನ್ನು ಮೇಲೆತ್ತಿ ನೇರ ನಿಲ್ಲಿಸಿದರು. ಬೆಲ್ಟಿನ ಆಸರೆಯಲ್ಲಿ ಮುದುಕ ಸೆಟೆದು ನಿಂತ. ಅವನು ತನಗಿಂತ ಇಷ್ಟು ಎತ್ತರವೆಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಕತ್ತೆತ್ತಿ ಮುಖ ನೋಡಿದಳು.

"ಹುಷಾರು," ಎಂದ ಮಗ ಹಿಂದಿನಿಂದ. "ಗೋಡೆಗೆ ತಾಗಿಸಬೇಡಿ, ಮೊನ್ನೆ ತಾನೇ ಪೇಂಟ್ ಮಾಡ್ಸಿದ್ದು."