ಗೇಟಿನ ಬಳಿಯ ಹುಡುಗಿ

ನೀರು ಉಗುರುಬೆಚ್ಚಗಿತ್ತು. ಕ್ರಿಸ್‌ಮಸ್ಸಿಗೆ ಬಾತುಕೋಳಿ ಬೇಯಿಸುವ ದೊಡ್ಡ ತಟ್ಟೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಅಡಿಯಲ್ಲಿ ತೆಳುಬಟ್ಟೆ ಹಾಸಿ, ಅರ್ಧಕ್ಕೆ ತುಂಬಿಸಿದ್ದೆ. ಪಕ್ಕದಲ್ಲಿ ಚಿತ್ರವಿತ್ತು.

"ಇನ್ನೊಂದ್ಸಲ ಯೋಚನೆ ಮಾಡು ವಿಲ್ಫ್," ಎಂದಳು ಅಕ್ಕ ಹೆಟ್ಟಿ. "ಹಾಳಾದ್ರೆ ಮತ್ತೆ ಬರೆದುಕೊಡೋಕೆ ಅವಳಿಲ್ಲ."

ಅವಳೆಂದರೆ ಆಗ್ನೆಸ್ ಥ್ವೇಟ್. ನಮ್ಮ ಯಾರ್ಕ್‌ಷೈರ್ ಕಣಿವೆಯಲ್ಲಿ ಬಾಡಿಗೆಗಿದ್ದು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವಳು. ಹೆಸರು ಹೇಳಿದರೆ ಲಂಡನ್ನಿನ ಚಿತ್ರ ವ್ಯಾಪಾರಿಗಳು "ಯಾರದು?" ಎನ್ನುತ್ತಾರೆ. ನಾನು ಕೂಡಿಡುವುದು ಅಂಥವರ ಚಿತ್ರಗಳನ್ನೇ. ನಮ್ಮ ಮನೆಯ ಮೆಟ್ಟಿಲ ಗೋಡೆಯ ತುಂಬ ಯಾರೂ ಕೇಳದ ಹೆಸರುಗಳು.

ಹೆಟ್ಟಿ ಚಿಕ್ಕವಳಿದ್ದಾಗ ಥ್ವೇಟ್ ಅವಳನ್ನು ನಮ್ಮ ಗೇಟಿನ ಬಳಿ ನಿಲ್ಲಿಸಿ ಈ ಚಿತ್ರ ಬರೆದಳಂತೆ. ಪುಸ್ತಕ ಬಂದಾಗ ನೋಡಿದರೆ ಗೇಟು ನಮ್ಮದು, ಬುಟ್ಟಿ ಅಮ್ಮನದು, ಮಂಡಿಯ ಹತ್ತಿರ ತೇಪೆ ಹಾಕಿದ ಕಾಲುಚೀಲವೂ ಹೆಟ್ಟಿಯದೇ. ಮುಖ ಮಾತ್ರ ಯಾವುದೋ ಗೊಂಬೆಯಂಥ ಹುಡುಗಿಯದು. "ಮೆಳ್ಳೆಗಣ್ಣಿನ ಹೆಟ್ಟಿಯನ್ನ ಯಾರು ಪುಸ್ತಕದಲ್ಲಿ ಹಾಕ್ತಾರೆ?" ಎಂದು ಇಡೀ ಶಾಲೆ ನಕ್ಕಿತು. ನಗು ನಿಂತು ಎಷ್ಟೋ ಕಾಲವಾಗಿದೆ. ಗೇಟಿನ ಬಳಿ ನಿಂತದ್ದು ತಾನೇ ಎಂದು ಅವಳು ಹೇಳುವುದು ಮಾತ್ರ ನಿಂತಿಲ್ಲ. ನಾನು ಕೇಳುತ್ತ ಬಂದಿದ್ದೇನೆ.

ಆ ಪುಸ್ತಕದ ಮೂಲ ಚಿತ್ರಗಳಲ್ಲಿ ಉಳಿದದ್ದು ಇದೊಂದೇ. ಉಳಿದವು ಪ್ರಕಾಶಕರ ಗೋದಾಮಿನ ಜೊತೆ ಸುಟ್ಟುಹೋದವು. ತೀರಿಕೊಂಡ ಒಬ್ಬ ಪಾದ್ರಿಯ ಮನೆಸಾಮಾನಿನ ಹರಾಜಿನಲ್ಲಿ ಇದು ನನ್ನ ಕೈಗೆ ಬಂದಾಗ ಹೆಟ್ಟಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆದರೆ ಚಿತ್ರವನ್ನು ಅಂಟಿಸಿದ್ದ ರಟ್ಟು ಅಗ್ಗದ್ದು. ಅದರ ಕಂದು ಕಲೆ ಅಂಚುಗಳಿಂದ ಒಳಕ್ಕೆ ಹರಡುತ್ತ ಹುಡುಗಿಯ ಬೂಟನ್ನು ಮುಟ್ಟಿತ್ತು. ಹಾಗೇ ಬಿಟ್ಟರೆ ಕಾಗದ ಬಿಸ್ಕತ್ತಿನಂತೆ ಪುಡಿಯಾಗುವುದು ಖಂಡಿತ. ನೀರಿನಲ್ಲಿ ನೆನೆಸಿ ರಟ್ಟಿನಿಂದ ಬಿಡಿಸಲೇಬೇಕು.

"ಶಾಯಿ ಗಟ್ಟಿಯಾಗಿದೆ, ಮೂಲೆಯಲ್ಲಿ ಹನಿ ಹಾಕಿ ನೋಡಿದ್ವಲ್ಲ. ಇಳಿಸು," ಎಂದ ಕ್ಲೆಮೆಂಟ್ ಆಗ್ಡನ್. ಶಾಲೆಯಲ್ಲಿ ಹೆಟ್ಟಿಯ ತರಗತಿಯಲ್ಲಿದ್ದವನು; ಚಿತ್ರ ಕೂಡಿಡುವುದರಲ್ಲಿ ನನ್ನಷ್ಟೇ ಹುಚ್ಚ. "ಹೆಟ್ಟಿ, ನೀನು ಹೊರಗೆ ಹೋಗಿ ಕೋಳಿಗೆ ಕಾಳು ಹಾಕು."

"ನೀರು ಕಾಯಿಸೋಕೂ ಬರಲ್ಲ ನಿನಗೆ. ನೀನೇ ಹೋಗು."

ನಾನು ಚಿತ್ರವನ್ನು ಮುಖ ಮೇಲಾಗಿ ನೀರಿಗಿಳಿಸಿದೆ. ಇಂಥ ಹೊತ್ತಿನಲ್ಲಿ ನಾನು ಗಡಿಯಾರ ನೋಡುವವನಲ್ಲ. ಊಟಕ್ಕೆ ಮುಂಚೆ ಅಪ್ಪ ಬಾಯಿಪಾಠವಾಗಿ ಹೇಳುತ್ತಿದ್ದ ಬೈಬಲಿನ ದಾವೀದನ ಉದ್ದನೆಯ ಕೀರ್ತನೆಯೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅದು ಮುಗಿಯುವಷ್ಟರಲ್ಲಿ ಅಂಟು ಬಿಟ್ಟಿರುತ್ತದೆ.

ಶಾಯಿ ಹರಡಲಿಲ್ಲ. ಗೇಟು, ಬುಟ್ಟಿ, ಕಾಲುಚೀಲ ಎಲ್ಲ ನೀರಿನಡಿ ಹೊಸದಾಗಿ ಕಂಡವು. ರಟ್ಟಿನಿಂದ ಕಂದು ಬಣ್ಣ ಚಹಾದಂತೆ ಇಳಿಯತೊಡಗಿತು. ಕೀರ್ತನೆ ಅರ್ಧವಾಗಿರಬೇಕು. ಆಗ ಹುಡುಗಿಯ ಗದ್ದದ ಕೆಳಗೆ ಒಂದು ಗೆರೆ ಎದ್ದಿತು.

"ಅದೇನದು?" ಎಂದ ಆಗ್ಡನ್.

ಗೆರೆ ಕೆನ್ನೆಯ ಸುತ್ತ ಹೋಯಿತು. ಮುಖ ಸಡಿಲವಾಯಿತು.

"ಎತ್ತು! ವಿಲ್ಫ್, ಎತ್ತು ಅಂದ್ರೆ!" ಎಂದು ಆಗ್ಡನ್ ಕೂಗಿದ.

"ರಟ್ಟು ಇನ್ನೂ ಪೂರ್ತಿ ಬಿಟ್ಟಿಲ್ಲ. ಈಗ ಎತ್ತಿದ್ರೆ ಅದರ ಭಾರಕ್ಕೆ ಕಾಗದ ಎರಡಾಗತ್ತೆ."

"ಮುಖ ಹೋಗ್ತಿದೆಯಲ್ಲೋ!"

ನನ್ನ ಬೆರಳುಗಳು ನೀರಿನ ಮೇಲೆ ನಿಂತೇ ಇದ್ದವು. ಕಾದರೆ ಮುಖ ಹೋಗುತ್ತದೆ, ಎತ್ತಿದರೆ ಚಿತ್ರವೇ ಹೋಗುತ್ತದೆ. ಹೆಟ್ಟಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಕೀರ್ತನೆಯ ಎಳೆ ತಪ್ಪಿತು. ಬಿಟ್ಟಲ್ಲಿಗೆ ಮರಳಿ ಹೋಗಿ, ತುಟಿಯಾಡಿಸುತ್ತ, ಮತ್ತೆ ಹೇಳತೊಡಗಿದೆ.

ಉಗುರಿನಗಲದ ಆ ಗೊಂಬೆಮುಖ ಕಳಚಿ, ಚಹಾಸೊಪ್ಪಿನಂತೆ ತೇಲುತ್ತ ತಟ್ಟೆಯ ಮೂಲೆಗೆ ಹೋಗಿ ನಿಂತಿತು.

ಆಗ್ಡನ್ ಹಣೆ ಚಚ್ಚಿಕೊಂಡ. "ತೇಪೆ! ತಪ್ಪಿದ ಕಡೆ ಮೇಲೊಂದು ಚೂರು ಕಾಗದ ಅಂಟಿಸಿ ಬರೆಯೋದು ಪುಸ್ತಕದ ಚಿತ್ರದವರ ಅಭ್ಯಾಸ. ನಮ್ಮಿಬ್ಬರಿಗೂ ಗೊತ್ತು. ಶಾಯಿ ನೋಡಿದ್ವಿ, ಅಂಟು ನೋಡಲಿಲ್ಲ. ಮೂರ್ಖರು ನಾವು."

ನಾನು ಚಿತ್ರದ ಕಡೆ ನೋಡಲಿಲ್ಲ. ಕೀರ್ತನೆ ಮುಗಿಸಿದೆ. ರಟ್ಟು ತಾನಾಗಿ ಬಿಟ್ಟಿತು; ಅದನ್ನು ಅಡಿಯಿಂದ ಮೆಲ್ಲಗೆ ಜಾರಿಸಿ ತೆಗೆದೆ. ಬಟ್ಟೆಯ ಎರಡೂ ತುದಿ ಹಿಡಿದು ಹಾಳೆಯನ್ನೆತ್ತಿ, ನೀರು ಸೋರಿಸಿ, ಮೇಜಿನ ಮೇಲೆ ಹಾಸಿದೆ. ಎಲ್ಲೂ ಹರಿದಿರಲಿಲ್ಲ.

"ವಿಲ್ಫ್," ಎಂದಳು ಹೆಟ್ಟಿ. ಧ್ವನಿ ಬಹಳ ಸಣ್ಣಗಿತ್ತು. "ನನ್ನ ಕನ್ನಡಕ ಒಳಗಿದೆ. ನೀನೇ ನೋಡಿ ಹೇಳು. ತೇಪೆಯ ಕೆಳಗೆ ಖಾಲಿಯೇನೋ?"

ನೋಡಿದೆ. ಖಾಲಿಯಿರಲಿಲ್ಲ. ಅಗಲ ಹಣೆ, ಬಿಗಿದ ತುಟಿ.

"ಎಡಗಣ್ಣು?"

"ಮೂಗಿನ ಕಡೆ ತಿರುಗಿದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅಳಲಿಲ್ಲ. ಏಪ್ರನ್ನಿನ ಅಂಚನ್ನು ಮಡಿಸಿದಳು, ಬಿಚ್ಚಿದಳು.

"ಪ್ರಕಾಶಕರು ಬೇಡ ಅಂದಿರ್ತಾರೆ," ಎಂದ ಆಗ್ಡನ್, ತೇಲುತ್ತಿದ್ದ ಚೂರನ್ನು ಚಮಚದಿಂದ ಎತ್ತುತ್ತ. "ಕೆಳಗಿನ ಮುಖವನ್ನ ಬ್ಲೇಡಿನಿಂದ ಕೆರೆದು ಹಾಕಬಹುದಿತ್ತು ಥ್ವೇಟ್. ಕೆರೆದಿಲ್ಲ. ಆದ್ರೂ ವಿಲ್ಫ್, ಒಣಗಿದ ಮೇಲೆ ಇದನ್ನ ಮತ್ತೆ ಅಂಟಿಸಿಬಿಡು. ಪುಸ್ತಕದಲ್ಲಿರೋದು ಈ ಮುಖ. ಸಂಗ್ರಹ ಅಂದ್ಮೇಲೆ..."

"ಅಂಟಿಸಲಿ," ಎಂದಳು ಹೆಟ್ಟಿ. "ಆದ್ರೆ ಮೇಲಂಚಿಗೆ ಮಾತ್ರ. ನಕ್ಕವರು ಬಂದ್ರೆ ನಾನೇ ಎತ್ತಿ ತೋರಿಸ್ತೀನಿ."

"ನಕ್ಕವರೆಲ್ಲ ಚಾಪೆಲ್ ಹಿಂದೆ ಮಣ್ಣಲ್ಲಿ ಮಲಗಿದ್ದಾರಲ್ಲ ಹೆಟ್ಟಿ."

"ನೀನಿದ್ದೀಯಲ್ಲ ಕ್ಲೆಮ್."

ಆಗ್ಡನ್ ಚಮಚ ಕೆಳಗಿಟ್ಟ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಒದ್ದೆ ಹಾಳೆಯ ಮೇಲೆ ಬಾಗಿದ.

"ನೀನೇ," ಎಂದ ಕೊನೆಗೆ. "ಸಿಟ್ಟು ಬಂದಾಗ ಹೀಗೇ ನಿಲ್ತಿದ್ದೆ."

"ಸಿಟ್ಟಲ್ಲ ಕಣೋ, ಬೂಟು ಕಚ್ತಿತ್ತು," ಎಂದು ಹೇಳಿ ಹೆಟ್ಟಿ ಕನ್ನಡಕ ತರಲು ಒಳಗೆ ಹೋದಳು.