ಮರದ ಹೊಟ್ಟು ಕುಡಿದ ಎಣ್ಣೆ

ಕಾರಿನ ಕೆಳಗೆ ಅಂಗಾತ ಮಲಗಿದ ಮೇಲೆ ಬಡಗಿಗೆ ಖಾತ್ರಿಯಾಯಿತು: ಈ ಕಾರು ಮಾಡಿದವನಿಗೆ ಮನುಷ್ಯರ ಮೇಲೆ ಹಳೇ ಹಗೆ ಇದೆ. ಇಲ್ಲದಿದ್ದರೆ ಆಯಿಲ್ ಫಿಲ್ಟರನ್ನು ಕೈ ಹೋಗದ ಆ ಸಂದಿಯಲ್ಲಿ ಯಾರಾದರೂ ಕೂರಿಸುತ್ತಾರೆಯೇ? ಒಂದು ಮೊಳೆ ಹೊಡೆಯುವುದಾದರೂ ಸುತ್ತಿಗೆ ಬೀಸಲು ಜಾಗ ಬಿಡಬೇಕೆಂಬುದು ಅವನ ಮನೆಯ ಬೆಕ್ಕಿಗೂ ಗೊತ್ತು.

"ಅಪ್ಪಾ, ಇವತ್ತೇ ಯಾಕೆ ಬೇಕಿತ್ತು ಇದು? ಮೂರು ಗಂಟೆಗೆ ನನ್ನ ಲೈಸೆನ್ಸ್ ಪರೀಕ್ಷೆ!" ಮಗಳು ಬಗ್ಗಿ ನೋಡುತ್ತಾ ಹೇಳಿದಳು.

"ಅದಕ್ಕೇ ಮಾಡ್ತಿರೋದು. ಹೋದ್ಸಲ ಏರಿನಲ್ಲಿ ಇಂಜಿನ್ ಆರಿಹೋಗಿ ಫೇಲಾದೆಯಲ್ಲ, ಯಾಕೆ? ಎಣ್ಣೆ ಕೆಟ್ಟಿತ್ತು."

"ಎಣ್ಣೆ ಅಲ್ಲ, ಕ್ಲಚ್ ಬೇಗ ಬಿಟ್ಟೆ ನಾನು."

"ನಿನಗೇನು ಗೊತ್ತು, ಸುಮ್ನಿರು."

ಮಗಳು ನರ್ಸ್. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಕೆಲಸ ಇನ್ನೊಬ್ಬಳ ಪಾಲು. ಇವತ್ತು ಶುಕ್ರವಾರ. ಪರೀಕ್ಷೆಗೆ ಇದೇ ಕೊನೆಯ ದಿನ, ಇರುವುದು ಇದೊಂದೇ ಕಾರು.

ಬೀದಿಯ ತುದಿಯಲ್ಲೇ ಮೆಕ್ಯಾನಿಕ್ ಇದ್ದ. ಆದರೆ ಎರಡು ತಿಂಗಳ ಹಿಂದೆ ಬಡಗಿ ಮಾಡಿಕೊಟ್ಟ ಮೇಜು ಅಲ್ಲಾಡುತ್ತದೆ ಎಂದು ಆ ಮೆಕ್ಯಾನಿಕ್ ನಾಲ್ಕು ಜನರ ಎದುರಿಗೆ ಅಂದಿದ್ದ. "ಮೇಜು ಸರಿ ಇದೆ, ನಿನ್ನ ನೆಲ ಡೊಂಕು" ಎಂದು ಬಡಗಿಯೂ ಅಂದಿದ್ದ. ಅವತ್ತಿನಿಂದ ಆ ಬಾಗಿಲು ತುಳಿಯುವುದಿಲ್ಲವೆಂದು ಶಪಥ.

ಹಾಗಾಗಿ ಎಲ್ಲ ಮನೆಯಲ್ಲೇ. ದಪ್ಪ ಹಲಗೆಯ ಎರಡು ಇಳಿಜಾರು ಮಾಡಿ ಮುಂದಿನ ಚಕ್ರ ಹತ್ತಿಸಿದ್ದ. ಅಂಗಳ ಕೆಡದಿರಲೆಂದು ಕಾರಿನ ಕೆಳಗೆ ನಾಲ್ಕು ಬೆರಳು ದಪ್ಪ ಮರದ ಹೊಟ್ಟು ಹರಡಿದ್ದ. ಅದರ ಮೇಲೆ ಅವನಿಗೆ ಬಹಳ ಹೆಮ್ಮೆ. "ನೋಡು, ಯಾವ ಗ್ಯಾರೇಜಿನಲ್ಲಿದೆ ಈ ವ್ಯವಸ್ಥೆ?"

ಹಳೇ ಎಣ್ಣೆ ಬಕೆಟ್ಟಿಗೆ ಇಳಿಯಿತು. ಫಿಲ್ಟರ್ ಮಾತ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಕೊನೆಗೆ ಉಳಿ ಇಟ್ಟು ಸುತ್ತಿಗೆಯಿಂದ ತೂತು ಹೊಡೆದು ತಿರುಗಿಸಿದ. ಮೊಣಕೈವರೆಗೆ ಕಪ್ಪು ಎಣ್ಣೆ ಇಳಿಯಿತು. ಹೊಸ ಫಿಲ್ಟರ್ ಹಾಕಿ, ಮೇಲಿಂದ ಹೊಸ ಎಣ್ಣೆ ಸುರಿಯತೊಡಗಿದ. ಮೂರೂವರೆ ಲೀಟರ್ ಆಗುತ್ತಲೇ ಹೆಂಡತಿ ಡಬ್ಬ ಕಿತ್ತುಕೊಂಡಳು.

"ಕೊಡೇ ಇಲ್ಲಿ, ಐದು ಲೀಟರ್ ತಂದಿದ್ದು ಐದೂ ಹಾಕೋಕೆ."

"ಉಪ್ಪಿನ ಡಬ್ಬ ತುಂಬಿದೆ ಅಂತ ಅಡುಗೆಗೆಲ್ಲಾ ಸುರೀತೀರೇನ್ರೀ? ಪುಸ್ತಕದಲ್ಲಿ ಮೂರೂವರೆ ಅಂತಿದೆ."

ಅವನು ಗೊಣಗುತ್ತಾ ಇಂಜಿನ್ ಶುರು ಮಾಡಿ ಬಗ್ಗಿ ನೋಡಿದ. ನೆಲದ ಮೇಲೆ ಒಂದು ಹನಿಯೂ ಹರಿದು ಬರುತ್ತಿರಲಿಲ್ಲ. ಹೊಟ್ಟು ಕಪ್ಪಾಗಿತ್ತು, ಸರಿ. ಅದು ಆಗಲೇ ಚೆಲ್ಲಿದ್ದು. "ಆಯ್ತು! ಇಳಿಸು ಕಾರು!"

ಮಗಳು ಕಾರನ್ನು ಇಳಿಜಾರಿನಿಂದ ಹಿಂದಕ್ಕೆ ಇಳಿಸಿದಳು. ಹತ್ತು ಹೆಜ್ಜೆ ಬಂದಿರಲಿಲ್ಲ, ಎದುರಿನ ಫಲಕದಲ್ಲಿ ಎಣ್ಣೆ ಜಿನುಗುವ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿತು. ತಕ್ಷಣ ಇಂಜಿನ್ ಆರಿಸಿದಳು.

"ಯಾಕೆ ನಿಲ್ಲಿಸಿದೆ?"

"ಕೆಂಪು ದೀಪ ಅಪ್ಪಾ."

"ಹೊಸ ಎಣ್ಣೆ, ಒಳಗೆ ಕೂರೋಕೆ ಹೊತ್ತು ಬೇಕು. ಓಡಿಸು, ತಾನೇ ಆರುತ್ತೆ!"

"ಓಡಿಸಲ್ಲ."

"ಒಂದೂವರೆ ಆಯ್ತು! ನಿನ್ನ ಕೆಲಸಕ್ಕೆ ಅಂತ ನಾನು ಬೆಳಿಗ್ಗೆಯಿಂದ ಬೆನ್ನು ಮುರ್ಕೊಂಡಿದ್ದೀನಿ. ಓಡಿಸೇ!"

ಅವಳು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಅಪ್ಪನ ಮಗಳೇ ಅಲ್ಲವೇ. ಬಡಗಿಗೆ ಮೈಯೆಲ್ಲಾ ಉರಿದುಹೋಯಿತು. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮಂಡಿಯೂರಿ ಹೊಟ್ಟಿನೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿದಳು. ಹಿಂಡಿದರೆ ಎಣ್ಣೆ ಸುರಿಯಿತು. ಕಪ್ಪು ಎಣ್ಣೆಯಲ್ಲ. ಜೇನಿನ ಬಣ್ಣದ ಹೊಸ ಎಣ್ಣೆ.

"ನಿನ್ನ ಹೊಟ್ಟು ಕುಡಿದುಬಿಟ್ಟಿದೆ ಅಪ್ಪಾ. ಬರೀ ನೆಲ ಆಗಿದ್ರೆ ಆಗಲೇ ಕಾಣ್ತಿತ್ತು."

ಅವಳು ಬಕೆಟ್ಟಿನಿಂದ ಹಳೇ ಫಿಲ್ಟರ್ ಎತ್ತಿ ತಿರುಗಿಸಿ ನೋಡಿದಳು. "ಇದರ ಬಾಯಿಗೆ ಒಂದು ರಬ್ಬರ್ ಉಂಗುರ ಇರಬೇಕಲ್ಲ, ಎಲ್ಲಿ?"

"ಮೇಲೆ ಅಂಟ್ಕೊಂಡಿತ್ತು ಏನೋ ಒಂದು. ಇಂಜಿನ್‌ದೇ ಅಂದ್ಕೊಂಡೆ."

"ಅದರ ಮೇಲೇ ಹೊಸ ಫಿಲ್ಟರ್ ಹಾಕಿದ್ಯಾ? ಈಗ ಎರಡು ಉಂಗುರ ಒಂದರ ಮೇಲೊಂದು. ಸೋರದೇ ಇನ್ನೇನಾಗುತ್ತೆ?" ಅವಳೂ ಈಗ ಕೂಗುತ್ತಿದ್ದಳು. "ಹಳೇ ವಾರ್ನಿಷ್ ಕೆರೆಯದೇ ಹೊಸದು ಬಳಿದ್ರೆ ನಿನ್ನ ಕೆಲಸದವರಿಗೆ ನೀನು ಏನಂತೀಯ?"

ಬಡಗಿ ನೆಲ ನೋಡಿದ. "ಬೈತೀನಿ" ಎಂದ.

"ಬೈದ್ಕೊಂಡೇ ಕಾರಿನ ಕೆಳಗೆ ಹೋಗಿ" ಎಂದಳು ಹೆಂಡತಿ, ಗಡಿಯಾರ ನೋಡುತ್ತಾ.

ಮತ್ತೆ ಇಳಿಜಾರು, ಮತ್ತೆ ಅಂಗಾತ. ಫಿಲ್ಟರ್ ಬಿಚ್ಚಿ, ಮೇಲೆ ಕಚ್ಚಿ ಕೂತಿದ್ದ ಹಳೇ ಉಂಗುರವನ್ನು ಉಳಿಯ ತುದಿಯಿಂದ ಎಬ್ಬಿಸಿ, ಒರೆಸಿ, ಫಿಲ್ಟರ್ ಪುನಃ ಹಾಕಿದ. ಡಬ್ಬದಲ್ಲಿ ಉಳಿದಿದ್ದ ಒಂದೂವರೆ ಲೀಟರ್ ಸುರಿದಾಗ ಅಳೆಯುವ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆಗೆ ಒಂದು ಕೂದಲು ಕೆಳಗೆ ನಿಂತಿತು. ಆ ಒಂದೂವರೆ ಲೀಟರ್ ಉಳಿಸಿದ್ದ ಹೆಂಡತಿ ಖಾಲಿ ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಒಂದು ಮಾತು ಆಡಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಹೊಟ್ಟನ್ನೆಲ್ಲ ಗುಡಿಸಿ, ಬರೀ ನೆಲದ ಮೇಲೆ ಐದು ನಿಮಿಷ ಇಂಜಿನ್ ಓಡಿಸಿ ಮೂವರೂ ಬಗ್ಗಿ ನೋಡಿದರು. ನೆಲ ಒಣಗೇ ಇತ್ತು.

ಮೂರಕ್ಕೆ ಎರಡು ನಿಮಿಷವಿದ್ದಾಗ ಅಪ್ಪ, ಮಗಳು ಪರೀಕ್ಷೆಯ ಮೈದಾನ ಮುಟ್ಟಿದರು. ಅಧಿಕಾರಿ ಕಾರಿನೊಳಗೆ ಕೂತವನೇ ಮೂಗು ಅರಳಿಸಿದ. "ಏನಮ್ಮಾ ಸುಟ್ಟ ವಾಸನೆ?"

"ಎಣ್ಣೆ ಚೆಲ್ಲಿತ್ತು ಸಾರ್, ಬಿಸಿ ಹೊಗೆ ಕೊಳವೆ ಮೇಲೆ ಬಿದ್ದಿದ್ದು ಉರೀತಿದೆ. ಸೋರೋದು ನಿಲ್ಲಿಸಿದೀವಿ, ದೀಪ ನೋಡಿ, ಆರಿದೆ."

"ಯಾರು ಚೆಲ್ಲಿದ್ದು?"

ಮಗಳು ಗೋಡೆಯ ಪಕ್ಕ ನಿಂತಿದ್ದವನ ಕಡೆ ಬೆರಳು ತೋರಿಸಿದಳು. ಮೊಣಕೈವರೆಗೆ ಕಪ್ಪು, ತಲೆತುಂಬ ಹೊಟ್ಟು. ಅಧಿಕಾರಿ ಒಮ್ಮೆ ನೋಡಿ, "ಸರಿ, ನಡೀರಿ" ಎಂದ.

ಏರಿನಲ್ಲಿ ಕಾರು ಒಂದು ಕ್ಷಣ ನಿಂತಿತು. ಬಡಗಿ ಕೂಗಬಾರದೆಂದು ಅಂಗಿಯ ಕಾಲರ್ ಕಚ್ಚಿಕೊಂಡ. ಕಾರು ಹಿಂದೆ ಜಾರದೆ, ಇಂಜಿನ್ ಆರದೆ, ಮೆಲ್ಲಗೆ ಹತ್ತಿತು.

ಪಾಸಾದ ಚೀಟಿ ಹಿಡಿದು ಮನೆಗೆ ಬರುವಾಗ ಅವನ ಬಾಯಿ ಮತ್ತೆ ತೆರೆಯಿತು. "ನೋಡಿದ್ಯಾ? ಹೊಸ ಎಣ್ಣೆ ಹಾಕಿದ್ದಕ್ಕೇ ಇಂಜಿನ್ ಆರಲಿಲ್ಲ."

ಮಗಳು ಬೀದಿಯ ತುದಿಯಲ್ಲಿ ಕಾರನ್ನು ಸೀದಾ ಮೆಕ್ಯಾನಿಕ್ ಅಂಗಡಿಯೊಳಕ್ಕೆ ತಿರುಗಿಸಿದಳು.

"ಏಯ್! ಇಲ್ಲಿ ಯಾಕೆ?"

"ಫಿಲ್ಟರ್ ಸರಿ ಕೂತಿದೆಯಾ ಅಂತ ಮಾಮನ ಹತ್ರ ತೋರಿಸ್ತೀನಿ. ಸೋಮವಾರದಿಂದ ಇದನ್ನ ಓಡಿಸೋಳು ನಾನು."

ಮೆಕ್ಯಾನಿಕ್ ಕೈ ಒರೆಸುತ್ತಾ ಬಂದು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದ. "ಸರಿಯಾಗೇ ಕೂತಿದೆಯಮ್ಮಾ. ಯಾರು ಹಾಕಿದ್ದು?"

"ಅಪ್ಪ. ಎರಡನೇ ಸಲಕ್ಕೆ."

ಮೆಕ್ಯಾನಿಕ್ ನಗಲಿಲ್ಲ, ಪುಣ್ಯ. "ಬಂದಿದ್ದೀರಲ್ಲ, ಆ ಮೇಜನ್ನೂ ಒಂದ್ಸಲ ನೋಡಿಬಿಡಿ" ಎಂದ.

ಬಡಗಿ ಕಾರಿನಿಂದಿಳಿದು ಹೋಗಿ ಮೇಜನ್ನು ಒಂದು ಬೆರಳಿನಿಂದ ಒತ್ತಿದ. ಅಲ್ಲಾಡಿತು. ಎರಡೂ ಕೈಯಲ್ಲಿ ಎತ್ತಿ ಬಾಗಿಲ ಬಳಿ ತಂದಿಟ್ಟು ಒತ್ತಿದ. ಅಲ್ಲೂ ಅಲ್ಲಾಡಿತು. ಹೊರಗೆ ತಂದು ಬೀದಿಯಲ್ಲಿಟ್ಟು ಒತ್ತಿದ.

"ಈ ಬೀದೀನೇ ಡೊಂಕು" ಎಂದವನೇ, ಮಗಳ ಮುಖ ನೋಡದೆ, ಉಳಿ ತರಲು ಮನೆಯ ಕಡೆ ನಡೆದ.